ಪಡಸಾಲೆ ಗೋಡೆಯ ಜಿಪ್ಸಂ ಬಿಲ್ಲೆ

ಲೋಕದಲ್ಲಿ ಎಲ್ಲರೂ ತಮ್ಮ ಮನೆಯ ಗೋಡೆ ಗಟ್ಟಿಯಾಗಿರಲಿ ಎಂದು ದೇವರನ್ನು ಬೇಡಿಕೊಳ್ಳುತ್ತಾರೆ. ಅಲೆಕ್ಸಾಂಡ್ರಿಯಾದ ಮುಹರ್ರಂ ಬೇ ಬಡಾವಣೆಯ ಶೌಕಿ ಮಾತ್ರ ಪ್ರತಿ ನಮಾಜಿನ ಕೊನೆಗೂ, ನಮ್ಮ ಗೋಡೆ ಇನ್ನೊಂದಿಷ್ಟು ಬಿರಿಯಲಪ್ಪಾ ಎಂದು ಕೈಯೆತ್ತುತ್ತಿದ್ದ. ಹೆಂಡತಿ ಇನ್ಶಿರಾ ಒಳಕೋಣೆಯಲ್ಲಿ ಕೂತು, ಬಿರಿಯದಿರಲಿ ಎಂದು ಬೇಡುತ್ತಿದ್ದಳು. ಒಂದೇ ಮನೆಯಿಂದ ಎರಡು ತದ್ವಿರುದ್ಧ ಅರ್ಜಿ ಹೋದ ಮೇಲೆ ಮೇಲಿನವನೂ ಗೊಂದಲಕ್ಕೆ ಬಿದ್ದಿರಬೇಕು.

ಆದದ್ದಿಷ್ಟು. ಪಕ್ಕದ ಹಳೇ ಬಂಗಲೆ ಕೆಡವಿ, ಅಲ್ಲೊಂದು ಗೋಪುರದಂಥ ಕಟ್ಟಡ ಎಬ್ಬಿಸಲು ಪಾತಾಳದವರೆಗೆ ಗುಂಡಿ ತೋಡಿದ್ದರು. ನೆಲಕ್ಕೆ ಕಂಬ ಬಡಿಯುವ ಯಂತ್ರ ಬಂದು ಧಡ್ ಧಡ್ ಎಂದ ಮೊದಲ ದಿನವೇ ಮಹಡಿ ಮೇಲಿದ್ದ ಶೌಕಿಯ ಪಡಸಾಲೆಯ ಗೋಡೆ ಸೂರಿನಿಂದ ನೆಲದವರೆಗೆ ಬಾಯಿ ಬಿಟ್ಟಿತು. ಅದೂ ಎಲ್ಲಿ? ಇನ್ಶಿರಾ ಅತಿಥಿಗಳು ಬಂದಾಗ ಮಾತ್ರ ಹೊದಿಕೆ ತೆಗೆಯುವ ಗಿಲೀಟು ಕುರ್ಚಿಗಳ ನೇರ ಹಿಂದೆ. ಮಗಳು ನಜ್ಲಾಳ ಮದುವೆ ಬೇರೆ ಹತ್ತಿರ ಬಂದಿತ್ತು. ಗೋಡೆ ಕಟ್ಟಿಸಲು ಶೌಕಿಯ ಪಿಂಚಣಿ ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಹುಟ್ಟಿದ ಮನೆ ತಲೆಯ ಮೇಲೆ ಬಿದ್ದೀತೆಂಬ ಭಯ ಅವನಿಗೆ ನಿಜವಾಗಿಯೂ ಇತ್ತು.

ಜೀವಮಾನವಿಡೀ ಟ್ರಾಮಿನಲ್ಲಿ ಟಿಕೆಟ್ ತಪಾಸಣೆ ಮಾಡಿದ ಮನುಷ್ಯ ಅವನು. ನಗರಸಭೆ ಕಚೇರಿಯವರ ಪ್ರಾಣ ಹಿಂಡಿ ಕೊನೆಗೊಬ್ಬ ಎಂಜಿನಿಯರನನ್ನು ಕರೆತಂದ. ಆತ ಒಂದು ಬಟ್ಟಲಲ್ಲಿ ಜಿಪ್ಸಂ ಕಲಸಿ, ಬಿರುಕಿನ ಮೇಲೆ ಅಡ್ಡಲಾಗಿ ಬಿಲ್ಲೆಯೊಂದನ್ನು ಮೆತ್ತಿದ.

"ಇದಕ್ಕೆ ಯಾರೂ ಕೈ ಹಚ್ಚಬಾರದು. ನಾನು ತಿರುಗಿ ಬರೋ ಹೊತ್ತಿಗೆ ಇದು ಒಡೆದಿದ್ರೆ, ಗೋಡೆ ಇನ್ನೂ ಅಲುಗಾಡ್ತಿದೆ ಅಂತ ಅರ್ಥ. ಕಂಟ್ರಾಕ್ಟರನೇ ಕಟ್ಟಿಸಿಕೊಡಬೇಕು. ಒಡೆದಿಲ್ಲ ಅಂದ್ರೆ ಅದು ಹಳೇ ಬಿರುಕು. ನಿಮ್ಮ ಗೋಡೆ, ನಿಮ್ಮ ಪಾಡು."

ಮರುದಿನವೇ ಯಂತ್ರಕ್ಕೆ ಕಾಯಿಲೆ ಬಂತು. (ತಾನಾಗಿ ಬಂತೋ, ಕಂಟ್ರಾಕ್ಟರ್ ಬರಿಸಿದನೋ ಅಲ್ಲಾನಿಗೇ ಗೊತ್ತು.) ಬೀದಿಯೆಲ್ಲ ನಿಶ್ಶಬ್ದ. ಶೌಕಿ ಬೆಳಗ್ಗೆ ಎದ್ದವನೇ ಟೀ ಲೋಟ ಹಿಡಿದು ಬಿಲ್ಲೆಯ ಮುಂದೆ ಕುಕ್ಕರಿಸುವುದು, ನಿಟ್ಟುಸಿರು ಬಿಡುವುದು.

"ಅಯ್ಯೋ, ಕೂದಲೆಳೆಯಷ್ಟೂ ಬಿರುಕು ಬಿಟ್ಟಿಲ್ವಲ್ಲೇ!"

"ಒಳ್ಳೇದಾಯ್ತಲ್ಲ ಅಬೂ ನಜ್ಲಾ! ಗೋಡೆ ನಿಂತಿದೆ ಅಂತ ಯಾರಾದ್ರೂ ಅಳ್ತಾರಾ?" ಗಂಡನನ್ನು ಇನ್ಶಿರಾ ಕರೆಯುತ್ತಿದ್ದುದೇ ಹಾಗೆ, ನಜ್ಲಾಳ ಅಪ್ಪ ಎಂದು.

"ಗೋಡೆ ಬೀಳಬಾರದು ಅಂದ್ರೆ ಅದು ಇನ್ನೂ ಸ್ವಲ್ಪ ಒಡೀಬೇಕು ಕಣೇ. ಇಷ್ಟೂ ಅರ್ಥ ಆಗಲ್ವಾ ನಿಂಗೆ?"

"ಆಗಲ್ಲ. ನಿಮಗೆ ಆಗುತ್ತಾ?"

ಶೌಕಿ ಟೀ ಮುಗಿಸಿ ಎದ್ದ. ಅವನಿಗೂ ಸರಿಯಾಗಿ ಆಗಿರಲಿಲ್ಲ.

ಒಮ್ಮೆ ಸುತ್ತಿಗೆ ಹಿಡಿದು ಹೋದದ್ದೂ ಉಂಟು. ಆದರೆ ಟಿಕೆಟ್ ಇಲ್ಲದವರನ್ನು ಟ್ರಾಮಿನಿಂದ ಇಳಿಸಿದ ಕೈ ಮೋಸಕ್ಕೆ ಏಳಲಿಲ್ಲ. ಹಾಗೆ ಸುತ್ತಿಗೆ ಇಳಿಸಿ ನಿಂತಿದ್ದಾಗಲೇ ಇನ್ಶಿರಾ, ಮಗಳ ಮೆಹೆಂದಿ ಶಾಸ್ತ್ರಕ್ಕೆ ಕ್ಲಬ್ಬಿನ ಸಭಾಂಗಣ ಹಿಡಿಯಬೇಕೆಂದಳು. ಶೌಕಿಯ ತಲೆಯಲ್ಲಿ ದಿವ್ಯಜ್ಞಾನ ಹೊಳೆಯಿತು. ಎಂಜಿನಿಯರ್ ಕೈ ಹಚ್ಚಬಾರದು ಅಂದಿದ್ದ, ಕಾಲಿನ ಮಾತೇ ಎತ್ತಿರಲಿಲ್ಲ!

"ಯಾಕೆ ಸಭಾಂಗಣ? ಇಲ್ಲೇ ಮಾಡೋಣ. ಇಡೀ ಬೀದಿ ಬರಲಿ. ಡೋಲು ದೊಡ್ಡದಿರಲಿ!"

"ಜ್ವರ ಗಿರ ಬಂದಿದ್ಯಾ ನಿಮಗೆ?" ಎಂದು ಇನ್ಶಿರಾ ಅವನ ಹಣೆ ಮುಟ್ಟಿ ನೋಡಿದಳು. ಆದರೂ ಖುಷಿಯಿಂದ ಅವಳ ಕಣ್ಣು ಒದ್ದೆಯಾಯಿತು.

ಶಾಸ್ತ್ರದ ಸಂಜೆ ಬೀದಿಗೆ ಬೀದಿಯೇ ಬಂತು. ಡೋಲಿನವರು ಬಂದರು, ಕೆಂಪು ಶರಬತ್ತು ಹರಿಯಿತು, ಹೆಂಗಸರು ನಾಲಗೆ ಹೊರಳಿಸಿ ಹಾಕಿದ ಲೂಲೂ ಕೇಕೆ ಬಂದರಿನ ಹಡಗಿಗೂ ಕೇಳಿಸಿರಬೇಕು. ಕೆಳಗಿನ ಮನೆಯ ಹಾಜಿ ಬಯೂಮಿಯ ದಢೂತಿ ಹೆಂಡತಿ ಕುಣಿಯಲು ಎದ್ದಾಗಲಂತೂ ಶೌಕಿ ಭಕ್ತಿಯಿಂದ ದಾರಿ ಬಿಟ್ಟ. "ಈ ಕಡೆ ತಾಯೀ, ಗೋಡೆ ಪಕ್ಕ ಗಾಳಿ ಚೆನ್ನಾಗಿದೆ!" ಎಂದು ಆಕೆಯನ್ನು ಬಿಲ್ಲೆಯ ಹತ್ತಿರಕ್ಕೇ ಕಳಿಸಿದ. ತಾನೂ ಕುಣಿತದ ಕೋಲು ತಿರುಗಿಸುತ್ತ, ಮಂಡಿ ನೋವು ಮರೆತು, ಧಿಮಿಧಿಮಿ ಹಾರಿದ. ಬಿಲ್ಲೆ ಚಟ್ಟೆಂದಿತು. ಆ ಸಂತೋಷಕ್ಕೆ ಮೀಸೆ ಹೊತ್ತ ಆ ಮನುಷ್ಯ ಹೆಂಗಸರಿಗಿಂತ ಜೋರಾಗಿ ಲೂಲೂ ಹಾಕಿದ.

ಮರುದಿನ ಎಂಜಿನಿಯರ್ ಬಂದ. ಶೌಕಿ ಶೋಕಾಕುಲ ಮುಖ ಹೊತ್ತು, "ನೋಡಿ ಸಾಹೇಬರೇ, ಆ ಯಂತ್ರದ ಕ್ರೌರ್ಯ!" ಎಂದ.

"ಯಂತ್ರ ಕೆಟ್ಟು ಕೂತಿದೆಯಲ್ಲ? ಮೊನ್ನೆ ಪಕ್ಕದ ಸೈಟಿಗೆ ಬಂದಾಗ ಆ ಯಂತ್ರದ ಮೇಲೆ ಹತ್ತಿ ನಿಮ್ಮ ಕಿಟಕೀಲಿ ಇಣುಕಿದ್ದೆ. ಬಿಲ್ಲೆ ಸರಿಯಾಗೇ ಇತ್ತು."

ಅಷ್ಟರಲ್ಲಿ ಇನ್ಶಿರಾ ಶರಬತ್ತು ತಂದಳು. ಮನೆಗೆ ಬಂದ ಅತಿಥಿಗೆ ನಿನ್ನೆಯ ವೈಭವ ಹೇಳದೆ ಕಳಿಸುವುದುಂಟೇ? "ನಿನ್ನೆ ಬರಬೇಕಿತ್ತು ಮಗಾ ನೀನು! ಮುಹರ್ರಂ ಬೇಯಲ್ಲೇ ಇಂಥ ಕುಣಿತ ಯಾರೂ ಕಂಡಿಲ್ಲ. ಗೋಡೆ ಗಡಗಡ ನಡುಗ್ತು! ಎಲ್ಲಾರಿಗಿಂತ ಜಾಸ್ತಿ ಕುಣಿದಿದ್ದು ಇವರೇ."

ಶೌಕಿ ಕಣ್ಣು ಮಿಟುಕಿಸಿದ, ಹುಬ್ಬು ಹಾರಿಸಿದ.

"ಕಣ್ಣಿಗೆ ಏನಾದ್ರೂ ಬಿತ್ತೇನ್ರೀ? ಊದಲಾ?"

ಬಾಗಿಲು ಬಡಿದ ಸದ್ದಾಯಿತು. ತಲೆ ತುಂಬ ಸುಣ್ಣದ ಪುಡಿ ಹೊತ್ತ ಹಾಜಿ ಬಯೂಮಿ ನಿಂತಿದ್ದ. "ಎಂಜಿನಿಯರ್ ಸಾಹೇಬರು ಇಲ್ಲೇ ಇದ್ದಾರಂತೆ? ಇವರ ಮನೆ ಕುಣಿತಕ್ಕೆ ನಮ್ಮ ಸೂರು ಬಿರುಕು ಬಿಟ್ಟಿದೆ. ಪರಿಹಾರ ಬೇಕು."

"ನಿನ್ನ ಹೆಂಡತೀನೇ ಕುಣಿದಿದ್ದು ಕಣಯ್ಯಾ!"

"ಕುಣಿಯೋಕೆ ಕರೆದೋರು ಯಾರು? ಗೋಡೆ ಪಕ್ಕ ಹೋಗಿ ಅಂದೋರು ಯಾರು?"

ಎಂಜಿನಿಯರ್ ಜಿಪ್ಸಂ ಕಲಸಿಕೊಂಡು ಕೆಳಗಿಳಿದ, ಬಯೂಮಿಯ ಸೂರಿಗೊಂದು ಬಿಲ್ಲೆ ಮೆತ್ತಿದ. ಕುಣಿದು ಒಡೆದ ಬಿಲ್ಲೆಗೆ ಪರಿಹಾರವಿಲ್ಲ, ಇದು ಒಡೆದರೆ ಈ ಸೂರಿನ ಖರ್ಚೂ ಮೇಲಿನ ಮನೆಯವರದೇ ಎಂದು ಹೇಳಿಯೂ ಹೋದ.

ಈಗ ಶೌಕಿ ತನ್ನ ಮನೆಯಲ್ಲೇ ಎರಡೆರಡು ಜೊತೆ ಕಾಲುಚೀಲ ಹಾಕಿಕೊಂಡು ತುದಿಗಾಲಲ್ಲಿ ನಡೆಯುತ್ತಾನೆ. ಸೀನು ಬಂದರೆ ದಿಂಬಿಗೆ ಮುಖ ಒತ್ತುತ್ತಾನೆ. ಇವತ್ತು ನಮಾಜು ಮುಗಿಸಿ, ಬಯೂಮಿಯ ಬಿಲ್ಲೆ ಒಡೆಯದಿರಲಪ್ಪಾ ಎಂದು ಗಂಡ ಹೆಂಡತಿ ಮೊದಲ ಬಾರಿಗೆ ಒಂದೇ ಅರ್ಜಿ ಹಾಕುತ್ತಿದ್ದಾಗ, ಪಕ್ಕದ ಗುಂಡಿಯಿಂದ ಹಳೇ ಸದ್ದು ಕೇಳಿಸಿತು. ಧಡ್.

"ಅಬೂ ನಜ್ಲಾ, ನಿಮ್ಮ ಹಳೇ ಅರ್ಜಿ ಇವತ್ತು ಮಂಜೂರಾಯ್ತು ನೋಡಿ" ಎಂದಳು ಇನ್ಶಿರಾ.

ಶೌಕಿ ಕಿಟಕಿಗೆ ಓಡಿದ. ತುದಿಗಾಲಲ್ಲೇ ಓಡಿದ.