ತೊಟ್ಟಿಲಿಗೆ ಹಾಕಿದ ದೋಣಿ

ತೊಟ್ಟಿಲು ಕಟ್ಟುವುದರಲ್ಲಿ ಹರಿಹರದ ನಮ್ಮ ಓಣಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಹಗ್ಗ ಹಿಡಿದುಕೊಂಡು ನನ್ನ ಬಾಗಿಲಿಗೇ ಬರುತ್ತಾರೆ. ಓದಿದ್ದು ಏಳನೇ ಕ್ಲಾಸು. ಆದರೆ ನಾನು ಹಾಕಿದ ಗಂಟು ಈವರೆಗೆ ಬಿಚ್ಚಿದ್ದಿಲ್ಲ. ಹೀಗಿರುವಾಗ ಒಂದು ದೋಣಿಯನ್ನು ತೂಗುಹಾಕುವುದು ಯಾವ ಮಹಾ ಕೆಲಸ?

ನನ್ನ ತಮ್ಮ ಮಂಜು ಹಳೆಯ ಮೋಟಾರ್ ಬೋಟ್ ಒಂದನ್ನು ಕೊಂಡಿದ್ದ. ತುಂಗಭದ್ರೆಯಲ್ಲಿ ಜನರನ್ನು ಸುತ್ತಾಡಿಸುವ ಧಂದೆ. ನಮ್ಮ ದಡದ ತುಂಬ ಬಂಡೆ. ಬೋಟ್ ಹತ್ತಿರ ಬರುವಂತಿಲ್ಲ. ಜನರನ್ನು ದಡದಿಂದ ಬೋಟಿಗೆ ಸಾಗಿಸಲು ಇನ್ನೊಂದು ಚಿಕ್ಕ ಫೈಬರ್ ದೋಣಿ ಬೇಕು. ಅದಕ್ಕೆ ಡಿಂಗಿ ಅನ್ನುತ್ತಾರಂತೆ. ಈ ಡಿಂಗಿಯನ್ನು ಬೋಟಿನ ಜತೆ ಒಯ್ಯುವುದು ಹೇಗೆ ಎಂಬುದೇ ದೊಡ್ಡ ಸಮಸ್ಯೆಯಾಯಿತು. ಹಿಂದೆ ಕಟ್ಟಿ ಎಳೆದರೆ ಹಗ್ಗ ಹೋಗಿ ಮೋಟಾರಿನ ಫ್ಯಾನಿಗೆ ಸುತ್ತಿಕೊಂಡಿತು. ಮೇಲಿನ ತಗಡಿನ ಮೇಲೆ ಮಲಗಿಸೋಣವೆಂದರೆ ಪ್ರತಿ ಸಲ ಎತ್ತಿ ಇಳಿಸುವವರು ಯಾರು?

ನನ್ನನ್ನು ಕೇಳುತ್ತಾನೆಂದು ಕಾದೆ. ಅವನು ಕೇಳಿದ್ದು ಹೆಂಡತಿ ಶೋಭಾಳ ಅಣ್ಣ ನಾಗರಾಜಣ್ಣನನ್ನು! ಆತನದು ದಾವಣಗೆರೆಯ ಮಂಡಿಪೇಟೆಯಲ್ಲಿ ಕಬ್ಬಿಣದ ಅಂಗಡಿ. ಬಂದವನೇ ಟೇಪು ಎಳೆದು ಅಳತೆ ಮಾಡಿ, ಬೋಟಿನ ಹಿಂದಕ್ಕೆ ಎರಡು ಕಬ್ಬಿಣದ ತೋಳು ಕೂರಿಸಿ ರಾಟೆ ಹಾಕಿದರೆ ಒಬ್ಬನೇ ಹ್ಯಾಂಡಲ್ ತಿರುಗಿಸಿ ಡಿಂಗಿ ಎತ್ತಬಹುದು ಎಂದ. ಮಂಜು ಪ್ರತಿ ಮಾತಿಗೂ ಹೂಂ ಭಾವ, ಸರಿ ಭಾವ ಎನ್ನುತ್ತಿದ್ದ. ನನ್ನ ಹೊಟ್ಟೆಯೊಳಗೆ ಯಾರೋ ಮೆಣಸಿನಕಾಯಿ ಅರೆದಂತಾಯಿತು. ಈ ಮಂಜುವನ್ನು ತೊಟ್ಟಿಲಲ್ಲಿ ತೂಗಿದವಳು ನಾನು. ಅವ್ವ ಗದ್ದೆಗೆ ಹೋದಾಗ ಇವನನ್ನು ನೋಡಿಕೊಳ್ಳಲೆಂದೇ ಶಾಲೆ ಬಿಟ್ಟವಳು ನಾನು. ಆಗ ಈ ಭಾವ ಎಲ್ಲಿದ್ದ?

"ಕಬ್ಬಿಣ ಯಾಕ? ಬೋಟಿನ ಹಿಂದ ತಗಡು ಹೊತ್ತ ಕಮಾನು ಐತಲ್ಲ, ಅದಕ್ಕ ನಾಕು ಹಗ್ಗ ಬಿಟ್ಟು ತೊಟ್ಟಿಲು ಕಟ್ಟಿದಂಗೆ ಕಟ್ಟಿದ್ರಾತು" ಎಂದೆ.

ನಮ್ಮ ಮನೆಯವರು ಪೇಪರ್ ಮಡಚಿ, "ಗಿರಿಜಾ, ಅದು ದೋಣಿ. ಕೂಸಲ್ಲ" ಎಂದರು. ಅವರ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

ಮುಂದಿನ ಸಂಗತಿಯನ್ನು ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ. ಶುಕ್ರವಾರ ಮಂಜು ತನ್ನ ಫೋನನ್ನು ನಮ್ಮ ಮನೆಯಲ್ಲಿ ಚಾರ್ಜಿಗೆ ಹಾಕಿ ಹೊಳೆಗೆ ಹೋಗಿದ್ದ. ನಾಗರಾಜಣ್ಣನ ಫೋನ್ ಬಂತು. ಕಬ್ಬಿಣದ ತೋಳು ಸೋಮವಾರ ಸಿಗುತ್ತದೆ, ಅಲ್ಲಿಯವರೆಗೆ ಡಿಂಗಿಯನ್ನು ಹಗ್ಗದಲ್ಲಿ ನೇತುಹಾಕುವುದು ಬೇಡ, ಭಾನುವಾರದ ಗಿರಾಕಿಗಳನ್ನು ಮುಂದಕ್ಕೆ ಹಾಕಲು ಹೇಳಿ ಎಂದ.

"ಹೇಳ್ತೀನಿ ಬಿಡ್ರಿ" ಎಂದು ಬಹಳ ಮರ್ಯಾದೆಯಿಂದ ಹೇಳಿದೆ.

ಹೇಳಲಿಲ್ಲ.

ಭಾನುವಾರದ ಗಿರಾಕಿಗಳೇ ಬೋಟಿನ ಮೊದಲ ಗಿರಾಕಿಗಳು. ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳಲು ದಾವಣಗೆರೆಯಿಂದ ಬಂದ ಜೋಡಿ, ಜತೆಗೆ ಅವರ ಫೋಟೊಗ್ರಾಫರ್. ಇವರು ಮೆಚ್ಚಿದರೆ ಆ ಫೋಟೊಗ್ರಾಫರ್ ಊರಿನ ಜೋಡಿಗಳನ್ನೆಲ್ಲ ಇಲ್ಲಿಗೇ ಕರೆತರುತ್ತಾನೆ, ಇಲ್ಲದಿದ್ದರೆ ಬೋಟ್ ಮಾರುವುದೇ ಸರಿ ಎಂದು ಮಂಜು ವಾರವಿಡೀ ಹೇಳುತ್ತಿದ್ದ.

ನಾನೂ ಬೋಟ್ ಹತ್ತಿದೆ. ಎಲ್ಲರನ್ನೂ ಸಾಗಿಸಿದ ಮೇಲೆ ಡಿಂಗಿಯನ್ನು ಎತ್ತಿಸಿ, ಕಮಾನಿಗೆ ನನ್ನ ಕೈಯಾರೆ ಕಟ್ಟಿದೆ. ದಡದಲ್ಲಿ ನಿಂತಿದ್ದ ಶೋಭಾಳ ಕಡೆ ಒಮ್ಮೆ ನೋಡಿದೆ. ಅವಳು ನಗುತ್ತ ಕೈ ಬೀಸಿದಳು. ಉರಿಯಿತು.

ಹಿಂದಕ್ಕೆ ತಿರುಗಿದೆ. ಡಿಂಗಿ ತೂಗುತ್ತಿತ್ತು. ಖಾಲಿ! ಖಾಲಿ ತೊಟ್ಟಿಲು ತೂಗಿದರೆ ಕೂಸಿಗೆ ಆಗುವುದಿಲ್ಲ ಎಂಬುದು ಯಾವ ಹೆಂಗಸಿಗೆ ಗೊತ್ತಿಲ್ಲ? ಅದಕ್ಕೇ ಹೆಸರಿಡುವ ದಿನ ಒರಳಿನ ಗುಂಡುಕಲ್ಲನ್ನು ರವಿಕೆ ಕಣದಲ್ಲಿ ಸುತ್ತಿ ಮೊದಲು ತೊಟ್ಟಿಲಲ್ಲಿ ಮಲಗಿಸುತ್ತೇವೆ. ಆಮೇಲೆ ಕೂಸು. ನಾನು ಶಾಸ್ತ್ರ ತಪ್ಪಿಸುವವಳಲ್ಲ. ಚೀಲದಲ್ಲಿ ಗುಂಡುಕಲ್ಲು ತಂದಿದ್ದೆ. ಹಸಿರು ಕಣ ಸುತ್ತಿ, ಅರಿಸಿನ ಕುಂಕುಮ ಹಚ್ಚಿ, ಉಸಿರು ಬಿಗಿಹಿಡಿದು ಡಿಂಗಿಯೊಳಗೆ ಮಲಗಿಸಿದೆ. ಮುಂದೆ ಸ್ಟೇರಿಂಗ್ ಹಿಡಿದಿದ್ದ ಮಂಜುಗೆ ಇದಾವುದೂ ಕಾಣಲಿಲ್ಲ.

ಮೋಟಾರ್ ಜೋರಾಯಿತು. ಬೋಟಿನ ಮೂತಿ ಮೇಲೆದ್ದಿತು, ಹಿಂಭಾಗ ತಗ್ಗಿತು. ಮಲಗಿದ್ದ ಗುಂಡುಕಲ್ಲು ಎದ್ದು ಉರುಳಿತು. ಡಿಂಗಿಯ ಒಂದು ತುದಿ ನೀರಿಗೆ ಬಾಯಿಟ್ಟು ಕುಡಿಯತೊಡಗಿತು. ಕುಡಿದಷ್ಟೂ ಭಾರ, ಭಾರವಾದಷ್ಟೂ ಕುಡಿತ. ಕಮಾನು ಬಾಗಿತು. ರೇಷ್ಮೆ ಸೀರೆಯ ಮದುಮಗಳ ಪಾದಕ್ಕೆ ತುಂಗಭದ್ರೆ ಬಂದಳು. ಮಂಜು ಓಡಿ ಬಂದು ಗಂಟು ಬಿಚ್ಚಲು ನೋಡಿದ. ನನ್ನ ಗಂಟು! ಬಿಚ್ಚುತ್ತದೆಯೇ? ಕೊನೆಗೆ ಕುಡುಗೋಲಿನಿಂದ ಕತ್ತರಿಸಿದ. ಡಿಂಗಿ ನನ್ನ ಗುಂಡುಕಲ್ಲಿನ ಸಮೇತ ಮುಳುಗಿತು.

ಈಗ ದಡಕ್ಕೆ ಹೋಗಲು ಡಿಂಗಿಯೇ ಇಲ್ಲ. ಬಂಡೆಗಳ ನಡುವೆ, ಸೊಂಟದವರೆಗಿನ ನೀರಿನಲ್ಲಿ, ಮದುಮಗ ಮದುಮಗಳನ್ನು ಹೊತ್ತು ನಡೆದ. ಎರಡು ಸಲ ಜಾರಿದ. ಹೋಗುವಾಗ ಮತ್ತೆ ಬರುತ್ತೇವೆ ಎಂದು ಯಾರೂ ಹೇಳಲಿಲ್ಲ.

ಸಂಜೆ ಮಂಜುವಿನ ಮುಂದೆ ಕೂತು ಫೋನಿನ ವಿಷಯ ಒಪ್ಪಿಕೊಂಡೆ.

"ಗೊತ್ತೈತೆ ಅಕ್ಕ. ಭಾವ ಅವತ್ತೇ ಮತ್ತೆ ಫೋನ್ ಮಾಡಿದ್ರು."

"ಮತ್ತೆ ಯಾಕ ಕಟ್ಟಿಸಿಕೊಂಡೆ?"

"ಶೋಭಾ ಹೇಳಿದ್ಲು. ಒಂದು ದಿನದ ಮಾತು, ಅಕ್ಕಾರಿಗೆ ಆಸೆ ಐತೆ, ಅವರ ಕೈಯಾಗೇ ಕಟ್ಟಿಸ್ರಿ ಅಂತ." ಕತ್ತರಿಸಿದ ಹಗ್ಗದ ತುಂಡನ್ನು ನನ್ನ ಮುಂದಿಟ್ಟ. "ಹಗ್ಗ ತಡೀತಿತ್ತು ಅಕ್ಕ. ಗುಂಡುಕಲ್ಲು ಬರ್ತೈತೆ ಅಂತ ನಮಗೇನು ಗೊತ್ತು?"

ನಾನು ಅತ್ತೆ. ತಪ್ಪಿಗಾಗಿ ಅತ್ತೆ ಎಂದು ಮಂಜು ತಿಳಿದ. ಅರ್ಧ ಅದೂ ನಿಜ. ಇನ್ನರ್ಧ, ದೊಡ್ಡ ಮನಸ್ಸಿನಲ್ಲೂ ಅವಳೇ ನನಗಿಂತ ಮುಂದೆ ಹೋದಳಲ್ಲ ಎಂದು.

ಮೀನು ಹಿಡಿಯುವವರು ಡಿಂಗಿಯನ್ನು ಎತ್ತಿಕೊಟ್ಟರು. ಈಗ ಅದು ಕಬ್ಬಿಣದ ತೋಳಿನ ಮೇಲೆ ಒಣಗಿಕೊಂಡು ಕೂತಿದೆ. ಗಿರಾಕಿಗಳು ಒಬ್ಬೊಬ್ಬರಾಗಿ ಬರತೊಡಗಿದ್ದಾರೆ. ಗುಂಡುಕಲ್ಲು ಮಾತ್ರ ಸಿಗಲಿಲ್ಲ. ಪಾಪ, ಅಕ್ಕಾರು ಚಟ್ನಿ ಹೆಂಗೆ ಅರೀತಾರೆ ಎಂದು ಶೋಭಾ ತನ್ನ ಮಿಕ್ಸಿ ತಂದುಕೊಟ್ಟಳು.

ಚಟ್ನಿ ಮೊದಲಿಗಿಂತ ನುಣ್ಣಗಾಗುತ್ತದೆ. ಅದನ್ನೂ ನನಗೆ ಸಹಿಸಲಾಗುತ್ತಿಲ್ಲ.