ಹರಿಯೋ ಕೊಳವೆಯ ಪಜೀತಿಗಳು

ನಮ್ಮ ಫ್ಯಾಕ್ಟರಿಯಲ್ಲಿ ಮಾಲಿಗಿಂತ ಪಜೀತಿಗಳೇ ಜಾಸ್ತಿ ತಯಾರಾಗುತ್ತವೆ. ಕಡೂರು–ಬೀರೂರು ರಸ್ತೆಯಲ್ಲಿರೋ ಸಣ್ಣ ಫ್ಯಾಕ್ಟರಿ. ಔಷಧಿ ಕಂಪನಿಗಳಿಗೆ ರಾಸಾಯನಿಕ ಮಾಡಿಕೊಡ್ತೀವಿ. ಮೊದಲು ದೊಡ್ಡ ಟ್ಯಾಂಕಿಗೆ ಎಲ್ಲ ಸುರಿದು, ಕುದಿಸಿ, ಒಂದೊಂದೇ ಬ್ಯಾಚ್ ಇಳಿಸುತ್ತಿದ್ದೆವು. ಈಗ ಬೆರಳಿಗಿಂತ ಸಣ್ಣ ಕೊಳವೆ. ಈ ಕಡೆಯಿಂದ ಎರಡು ದ್ರಾವಣ ಒಳಗೆ ಹೋದರೆ, ಆ ಕಡೆಯಿಂದ ಮಾಲು ಬರ್ತಾನೇ ಇರುತ್ತೆ. ಶಿವನಿಯಿಂದ ರೈಲಲ್ಲಿ ಬಂದು ಅದನ್ನು ಕಾಯೋ ಕೆಮಿಸ್ಟ್ ನಾನು.

ಉದ್ಘಾಟನೆ

ಈ ಹೊಸ ಕೊಳವೆ ಯಂತ್ರದ ಉದ್ಘಾಟನೆಗೆ ಊರಿನ ಮುಖಂಡರೊಬ್ಬರು ಬಂದರು. ಮೇಜಿನ ಮೇಲಿದ್ದ ಯಂತ್ರ ಹೊಲಿಗೆ ಮಿಷನ್ನಿನಷ್ಟೇ ಇತ್ತು. ಅವರು ಅದನ್ನು ದಾಟಿ, ಗುಜರಿಗೆ ಹಾಕಲು ಇಟ್ಟಿದ್ದ ಹಳೇ ಟ್ಯಾಂಕಿನ ಮುಂದೆ ನಿಂತು, “ಇದಪ್ಪಾ ಟೆಕ್ನಾಲಜಿ ಅಂದ್ರೆ!” ಎಂದು ಹಾರ ಹಾಕಿ ಕಾಯಿ ಒಡೆದೇಬಿಟ್ಟರು. ಮ್ಯಾನೇಜರ್ ಟ್ಯಾಂಕಿನ ಪಕ್ಕದಲ್ಲೇ ಫೋಟೋಗೆ ನಿಂತರು.

ಮಾರನೇ ದಿನ ಬಂದ ಗುಜರಿಯವನು ಹಾರ ನೋಡಿ ಹಿಂದೆ ಸರಿದ. “ಉದ್ಘಾಟನೆ ಆಗಿರೋದನ್ನ ಮುಟ್ಟಲ್ಲ ಮೇಡಂ. ಕೇಸ್ ಆಯ್ತದೆ.”

ಯಾವಾಗ ಮುಗೀತದೆ?

ತಪಾಸಣೆಗೆ ಬಂದ ಅಧಿಕಾರಿ ಫಾರಂ ಬಿಚ್ಚಿದರು. “ಬ್ಯಾಚ್ ಮುಗಿಯೋದು ಎಷ್ಟೊತ್ತಿಗೆ?”

“ಮುಗಿಯಲ್ಲ ಸಾರ್. ಹರೀತಾನೇ ಇರುತ್ತೆ.”

“ಮುಗಿಯದಿದ್ರೆ ಈ ಕಾಲಮ್ಮಿಗೆ ಏನಮ್ಮಾ ಬರೀಲಿ?” ಬಹಳ ಯೋಚಿಸಿ ಅವರೇ ದಾರಿ ಹುಡುಕಿದರು. “ಒಂದು ಗಂಟೆಗೆ ಊಟಕ್ಕೆ ನಿಲ್ಲಿಸಿಬಿಡಿ. ಮುಗಿದಂಗಾಯ್ತು.”

“ಸಾರ್, ಯಂತ್ರ ಊಟ ಮಾಡಲ್ಲ.”

“ನಾನು ಮಾಡ್ತೀನಲ್ಲಮ್ಮಾ!”

ರೈಲಿನಲ್ಲಿ

ಪಕ್ಕ ಕೂತಿದ್ದ ಅಜ್ಜಿ, “ಏನ್ ಕೆಲ್ಸ ಕಣವ್ವಾ?” ಅಂದರು. “ಕೊಳವೇಲಿ ಔಷಧಿ ಹರಿಸ್ತೀವಿ ಅಜ್ಜಿ” ಅಂದೆ. ತಕ್ಷಣ ತೋಳು ಚಾಚಿದರು. “ಹಂಗಾರೆ ಒಂದು ಗ್ಲೂಕೋಸ್ ಏರಿಸ್ಬಿಡು, ಬೀರೂರು ಬರೋಕೆ ಇನ್ನೂ ಹೊತ್ತೈತೆ.”

ಟವೆಲ್

ಆ ಕೊಳವೆಗೆ ಇರೋದು ಒಂದೇ ಕಾಯಿಲೆ. ಒಳಗೆ ಹರಳು ಕೂತು ಕಟ್ಟಿಕೊಳ್ಳುತ್ತೆ. ಒಮ್ಮೆ ಹಾಗೆ ಕಟ್ಟಿದಾಗ, ಯಂತ್ರ ಕೊಟ್ಟವರು ಫೋನಿನಲ್ಲಿ ಎರಡು ದಿನ ಇಂಗ್ಲಿಷ್ ಮಾತಾಡಿದರೂ ಹರಳು ಬಿಡಲಿಲ್ಲ. ಕೊನೆಗೆ ಬೀರೂರಿನ ಹಿರಿಯ ಆಪರೇಟರ್, ನಮಗೆಲ್ಲ ಚಾಚಾ, ತಮ್ಮ ಟವೆಲನ್ನು ಬಿಸಿನೀರಲ್ಲಿ ಅದ್ದಿ ಕೊಳವೆಗೆ ಸುತ್ತಿದರು. ಹರಳು ಕರಗಿ ಮಾಲು ಹರೀತು. ಮ್ಯಾನೇಜರ್ ಅದನ್ನೇ ಫೈಲಿನಲ್ಲಿ “ಥರ್ಮಲ್ ಟೆಕ್ಸ್‌ಟೈಲ್ ಸಿಸ್ಟಮ್” ಅಂತ ಬರೆದರು.

ಆಮೇಲೆ ಔಷಧಿ ಕಂಪನಿಯಿಂದ ಪರೀಕ್ಷಕರು ಬಂದರು. ಅವರು ಒಪ್ಪದಿದ್ದರೆ ಆರ್ಡರೂ ಹೋಯ್ತು, ನಮ್ಮೆಲ್ಲರ ಕೆಲಸವೂ ಹೋಯ್ತು. ಫೈಲು ತಿರುವಿದವರೇ, “ಈ ಸಿಸ್ಟಮ್ ತೋರಿಸಿ” ಅಂದರು.

ಮ್ಯಾನೇಜರ್ ಮುಖ ಬಿಳಿಚಿಕೊಂಡಿತು. ನಾನು ಚಾಚಾ ಕಡೆ ನೋಡಿದೆ. ಚಾಚಾ ಮಾತ್ರ ನಿಧಾನಕ್ಕೆ ಹೆಗಲ ಮೇಲಿನ ಟವೆಲ್ ತೆಗೆದು ಎರಡೂ ಕೈಯಲ್ಲಿ ಚಾಚಿದರು.

ಪರೀಕ್ಷಕರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. “ಇದು ಒಗೆಯೋಕೆ ಹೋದ ದಿನ ಕೊಳವೆ ಕಟ್ಟಿಕೊಂಡ್ರೆ?”

“ಬಟ್ಟೆ ಬದಲಾಯಿಸೋ ರೂಮಲ್ಲಿ ನನ್ ಲುಂಗಿ ಐತಲ್ಲ ಸಾರ್.”

ಆರ್ಡರ್ ಉಳೀತು. ವರದಿಯಲ್ಲಿ ಪರೀಕ್ಷಕರು ಬರೆದಿದ್ದರು: “ಸ್ಟ್ಯಾಂಡ್‌ಬೈ ವ್ಯವಸ್ಥೆ ಲಭ್ಯವಿದೆ.”