ತೊಟ್ಟಿಯಲ್ಲಿ ಎಬ್ಬಿಸಿದ ಕಡಲು

ಕಾನ್ವೆಂಟಿನಲ್ಲಿ ಓದಿದವಳಿಗೆ ಒಂದು ಇಂಗ್ಲಿಷ್ ಪತ್ರ ಓದಿ ಹೇಳುವುದು ಏನು ಮಹಾ ಎಂದುಕೊಂಡಿದ್ದೆ.

ಪಕ್ಕದ ಮನೆಯ ನಯಾಜ್ ಚನ್ನಪಟ್ಟಣದಲ್ಲಿ ಲೇತ್ ಮೇಲೆ ಮರದ ಗೊಂಬೆ ಮಾಡುವವನು. ಗಿರಾಕಿಗಳು ಕಡಿಮೆಯಾಗಿ ಅವನ ಎರಡು ಲೇತ್‌ಗಳಲ್ಲಿ ಒಂದು ಆಗಲೇ ನಿಂತಿತ್ತು. ಆಗ ಮಂಗಳೂರು ಕಡೆಯ ಕಂಪನಿಯೊಂದರಿಂದ ಪತ್ರ ಬಂತು, ಜೊತೆಗೆ ಡ್ರಾಯಿಂಗ್. ಕಡಲಿನಲ್ಲಿ ಜನರನ್ನು ಕಾಪಾಡುವ ಪುಟ್ಟ ದೋಣಿಯ ಮಾಡೆಲ್ ಬೇಕು. ಅಲೆಗೆ ಮಗುಚಿದರೆ ಅದು ತಾನಾಗಿ ಎದ್ದು ನಿಲ್ಲಬೇಕು. ಪರೀಕ್ಷಿಸಿ ವಿಡಿಯೊ ಕಳಿಸಿ; ಪಾಸಾದರೆ ವರ್ಷವಿಡೀ ಕೆಲಸ.

"ಅಮ್ಮಾ, ತಳದಲ್ಲಿ ಕಪ್ಪು ಪಟ್ಟಿ ಐತಲ್ಲ, ಅದು ತೂಕ ಇಡೋ ಜಾಗಾನಾ?" ಎಂದ ನಯಾಜ್.

"ಅದು ಶೇಡಿಂಗ್ ಕಣಪ್ಪ. ಡ್ರಾಯಿಂಗ್ ಕ್ಲಾಸಿನಲ್ಲಿ ನಾವೂ ಹಾಕ್ತಿದ್ವಿ."

ದೊಡ್ಡವರ ಮಾತು ಎಂದು ಅವನು ನಂಬಿದ. ದೋಣಿಯನ್ನು ಲೇತ್ ಮೇಲೆ ದುಂಡಗೆ ತಿರುಗಿಸಿ, ಕೆಂಪು ಅರಗು ಹಚ್ಚಿದ. ನೋಡಲು ಬ್ಯೂಟಿಫುಲ್.

ಪರೀಕ್ಷೆ ನಮ್ಮ ಹಿತ್ತಲಿನ ತೊಟ್ಟಿಯಲ್ಲಿ. ಅವನ ಹೆಂಡತಿ ಫಾತಿಮಾ ವಿಡಿಯೊಗ್ರಾಫರ್. ಅಲೆ ಎಬ್ಬಿಸಲು ನಾನು ಮಣೆಯಿಂದ ನೀರನ್ನು ಒತ್ತುತ್ತಾ ಇಂಗ್ಲಿಷಿನಲ್ಲಿ ವಿವರಣೆ ಕೊಟ್ಟೆ. ಕಪ್ಪು ಪಟ್ಟಿ ಬರೀ ಶೇಡಿಂಗ್ ಎಂಬುದನ್ನೂ ಬಿಡಲಿಲ್ಲ. ದೋಣಿ ಮಗುಚಿತು. ಹಾಗೇ ಮಲಗಿತು. ಮತ್ತೊಂದು ಅಲೆಗೆ ಲಟ್ಟಣಿಗೆಯಂತೆ ಉರುಳಿ, ಮತ್ತೆ ಮಲಗಿತು.

"ಇದು ಕಾಪಾಡೋ ದೋಣಿ ಅಲ್ಲಮ್ಮಾ, ಇದ್ನೇ ಯಾರಾರ ಕಾಪಾಡ್ಬೇಕು," ಎಂದಳು ಫಾತಿಮಾ.

"ರಫ್ ಸೀ ಅಂದ್ರೆ ಇನ್ನೂ ಜೋರಾಗಿರಬೇಕು," ಎಂದು ನಾನು ಬಾಗಿದೆ. ಕಾಲು ಜಾರಿತು. ಮುಂದಿನ ಕ್ಷಣ ತೊಟ್ಟಿಯೊಳಗೆ ಕೂತಿದ್ದೆ. ಆ ದಿನದ ನಿಜವಾದ ಅಲೆ ಎದ್ದದ್ದು ಆಗಲೇ. ದೋಣಿ ಗೋಡೆ ಹಾರಿ ಮೋರಿಗೆ ಬಿತ್ತು.

"ಫೋನ್ ಬುಟ್ಟು ಕೈ ಹಿಡಿಯೇ," ಎಂದು ನಯಾಜ್ ಕೂಗಿದ.

"ಇಬ್ರೂ ಹಿಡಿದ್ರೆ ವಿಡಿಯೊ ಯಾರು ಮಾಡೋದು?" ಎಂದಳು ಅವಳು.

ವಿಡಿಯೊ ಕಳಿಸಲು ಅಂದೇ ಕೊನೆಯ ದಿನ. ಬೇರೆ ವಿಡಿಯೊ ಇರಲಿಲ್ಲ. ಅದನ್ನೇ ಕಳಿಸಿದೆವು.

ಎರಡು ವಾರ ಅವರ ಮನೆ ಕಡೆ ಮುಖ ಹಾಕಲಿಲ್ಲ. ಸೊಂಟ ನೋಯುತ್ತಿತ್ತು. ಅದಕ್ಕಿಂತ, ಗೋಡೆಯಾಚೆ ಒಂದೇ ಲೇತಿನ ಸದ್ದು ಕೇಳುವುದು ಕಷ್ಟವಾಗಿತ್ತು.

ಒಂದು ಬೆಳಿಗ್ಗೆ ನಯಾಜ್ ಉತ್ತರ ಹಿಡಿದು ಬಂದ. "ಓದಿ ಅಮ್ಮಾ. ಏನಿದ್ರೂ ಮುಚ್ಚಿಡಬೇಡಿ."

ಓದಿದೆ. ಕೆಲಸ ಅಚ್ಚುಕಟ್ಟಾಗಿದೆ. ಕಪ್ಪು ಪಟ್ಟಿಯ ಜಾಗದಲ್ಲಿ ಸೀಸದ ತೂಕ ಕೂರಿಸಿ ಇನ್ನೊಂದು ಮಾಡೆಲ್ ಮಾಡಿ, ಮತ್ತೆ ವಿಡಿಯೊ ಕಳಿಸಿ. ನಯಾಜ್ ಉಸಿರು ಬಿಟ್ಟು ಮೆಟ್ಟಿಲ ಮೇಲೆ ಕೂತ.

ಕೆಳಗೆ ಇನ್ನೊಂದು ಸಾಲಿತ್ತು. ಹಾರಿಸಿಬಿಡೋಣ ಎನ್ನಿಸಿತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಕನ್ನಡದಲ್ಲಿ ಓದಿ ಹೇಳಿದೆ.

"ಈ ಸಲ ಡ್ರಾಯಿಂಗನ್ನು ದಯವಿಟ್ಟು ಆ ಅಜ್ಜಿಯಿಂದ ಓದಿಸಬೇಡಿ."

ಇಡೀ ಪ್ರಕರಣದಲ್ಲಿ ನಾನು ತಪ್ಪಿಲ್ಲದೆ ಮಾಡಿದ ಅನುವಾದ ಅದೊಂದೇ.